ಧರೆ ಮೇಲಿನ ಕೇಪಳ

ನಮಸ್ಕಾರ. ಶಾಲೆ ಬಿಟ್ಟು ಬರುವಾಗ ದಾರಿಯಲ್ಲಿ ಕೇಪಳ ಅನ್ನುವ ಪೊದೆ ಗಿಡದ ಹಣ್ಣು ತಿಂದವರು ನಿಮ್ಮಲ್ಲೂ ಇದ್ದೀರಿ ಅಲ್ವಾ? ಬಟಾಣಿ ಗಾತ್ರದ್ದು, ಮೊದಲು ಕೆಂಪು, ಆಮೇಲೆ ಕಪ್ಪು, ಒಳಗೆ ತಿರುಳಿಗಿಂತ ಬೀಜವೇ ಜಾಸ್ತಿ. ಆದರೂ ಚಡ್ಡಿ ಜೇಬು ತುಂಬಿಸಿಕೊಳ್ಳುತ್ತಿದ್ದೆವು. ಕೆಲವು ಕಡೆ ಇದಕ್ಕೆ ಗುಡ್ಡೆ ದಾಸವಾಳ ಅನ್ನುತ್ತಾರೆ. ದಾಸವಾಳಕ್ಕೂ ಇದಕ್ಕೂ ನಂಟಿಲ್ಲ, ಇದು ಕಾಫಿ ಗಿಡದ ಕುಟುಂಬದ್ದು.

ಈಗ ನನ್ನ ಪೆದ್ದುತನದ ಕಥೆ ಕೇಳಿ. ಮನೆ ಕಟ್ಟುವಾಗ ಹಿಂದಿನ ಗುಡ್ಡ ಕಡಿದು ಧರೆ, ಅಂದರೆ ಕಡಿದಾದ ಮಣ್ಣಿನ ಗೋಡೆ, ಮಾಡಿದ್ದೆವು. ಮಳೆಗೆ ಮಣ್ಣೆಲ್ಲ ಅಂಗಳಕ್ಕೆ. ನರ್ಸರಿಯೊಂದರಿಂದ ಹಳದಿ ಹೂವಿನ ಹಬ್ಬುವ ಗಿಡ ತಂದೆ, ವೆಡೀಲಿಯಾ ಅಂತ. ಒಂದೇ ಮಳೆಗಾಲಕ್ಕೆ ಧರೆ ಹಸಿರಾಯಿತು, ನಾನೂ ಖುಷಿಯಾದೆ. ಎರಡನೇ ವರ್ಷ ಅದು ಅಗಳು (ಬೇಲಿಯ ಕಂದಕ) ದಾಟಿ, ಮೂರನೇ ವರ್ಷ ಅಡಿಕೆ ತೋಟದ ಬಸಿಗಾಲುವೆಯೊಳಗೆ ಕೂತಿತ್ತು. ಕಿತ್ತು ಎಸೆದರೆ ಎಸೆದಲ್ಲೇ ಗೆಣ್ಣುಗೆಣ್ಣಿಗೂ ಬೇರು. ಅಮೆರಿಕ ಖಂಡದ ಗಿಡ ಅದು. ಜಗತ್ತಿನ 100 ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ನಮ್ಮ ಲಂಟಾನದ ಜೊತೆ ಇದೂ ಇದೆ ಅಂತ ಆಮೇಲೆ ಗೊತ್ತಾಯಿತು.

ಅದನ್ನು ಕಿತ್ತು ಮುಗಿಸಿ ಬ್ಯಾಣದ (ಮನೆ ಹತ್ತಿರದ ಹುಲ್ಲು, ಸೊಪ್ಪಿನ ಜಾಗ) ಕಡೆ ನೋಡಿದರೆ, ಒಣ ಜಂಬಿಟ್ಟಿಗೆ ನೆಲದಲ್ಲಿ, ವರ್ಷವರ್ಷವೂ ಕತ್ತಿ ಏಟು ತಿಂದು ಮೊಣಕಾಲೆತ್ತರಕ್ಕೇ ನಿಂತು ಸುತ್ತ ಹರಡಿಕೊಂಡಿದ್ದ ಕೇಪಳ! ಬಿಟ್ಟರೆ ಆಳೆತ್ತರ ಹೋಗುವ ಗಿಡವೇ, ಸವರುತ್ತಾ ಬಂದರೆ ಬುಡದಿಂದ ಒಡೆದು ದಟ್ಟವಾಗುತ್ತದೆ. ಧರೆಗೆ ಇದನ್ನೇ ನೆಟ್ಟೆ.

ಮಳೆ ಹಿಡಿದ ಮೇಲೆ ಪೆನ್ಸಿಲ್ ದಪ್ಪದ ಕಡ್ಡಿ ನೆಡಿ, ಇಲ್ಲವೇ ಕೆಳಗಿನ ಕೊಂಬೆಯನ್ನು ಬಗ್ಗಿಸಿ, ಮಣ್ಣು ಮುಚ್ಚಿ, ಮೇಲೊಂದು ಕಲ್ಲಿಡಿ. ಎಲ್ಲ ಕಡ್ಡಿಯೂ ಚಿಗುರುವುದಿಲ್ಲ, ನಾಲ್ಕು ಜಾಸ್ತಿಯೇ ಇರಲಿ. ಒಂದೂವರೆ ಅಡಿಗೊಂದು ಸಾಕು. ಗಿಡ ಕೂಡುವವರೆಗೆ ನಡುವೆ ದರಕು (ಉದುರಿದ ಒಣ ಎಲೆ) ಹಾಸಿ. ಕಾಡಿನಿಂದ ಬುಡಸಮೇತ ಅಗೆದು ತರಬೇಡಿ ಮಾರಾಯ್ರೆ, ನೆರೆಮನೆಯವರ ಬೇಲಿಯಲ್ಲೇ ಕಡ್ಡಿ ಸಿಗುತ್ತದೆ.

ಒಂದು ಎಚ್ಚರ. ಹೊಸ ಸಿಮೆಂಟ್ ಗೋಡೆಗೆ ಒತ್ತಿ ನೆಟ್ಟರೆ ಎಲೆ ಹಳದಿಯಾಗುತ್ತದೆ, ನರ ಮಾತ್ರ ಹಸಿರು. ಇದಕ್ಕೆ ಬೇಕಾದ್ದು ನಮ್ಮ ಹುಳಿ ಮಣ್ಣು. ಸುಣ್ಣ ಸೇರಿದರೆ ಮಣ್ಣಲ್ಲಿರುವ ಕಬ್ಬಿಣ ಗಿಡಕ್ಕೆ ಎಟಕುವುದಿಲ್ಲ. ನೀರು ಸಾಲಲಿಲ್ಲ ಅಂದುಕೊಂಡು ನಾನು ಸುಮ್ನೆ ಎರಡು ತಿಂಗಳು ನೀರು ಹೊಯ್ದೆ.

ನಿಧಾನದ ಗಿಡ ಇದು, ಧರೆ ಮುಚ್ಚಲು ಮೂರು ವರ್ಷ ಬೇಕಾಯಿತು. ಕುಸಿಯುವ ದೊಡ್ಡ ಧರೆಯನ್ನು ಇದು ಹಿಡಿದು ನಿಲ್ಲಿಸುತ್ತದೆ ಅಂತ ಮಾತ್ರ ನಂಬಬೇಡಿ, ಅಲ್ಲಿಗೆ ಕಲ್ಲು ಕಟ್ಟಲೇಬೇಕು. ಮೇಲ್ಮಣ್ಣು ತೊಳೆದು ಹೋಗದಂತೆ ತಡೆಯಲು ಇದು ಸಾಕು.

ಹೂವಿನ ಕೊಳವೆ ದಾರದಷ್ಟು ಸಣ್ಣ, ಉದ್ದ. ಹಾಗಾಗಿ ಬರುವುದು ಉದ್ದ ಸೊಂಡಿಲಿನ ಚಿಟ್ಟೆಗಳು. ಎಳೆ ಕುಡಿಯನ್ನು ಜೀರಿಗೆ, ಮೆಣಸಿನ ಜೊತೆ ತುಪ್ಪದಲ್ಲಿ ಹುರಿದು, ಕಾಯಿ ಹಾಕಿ ರುಬ್ಬಿ, ಮಜ್ಜಿಗೆ ಬೆರೆಸಿದರೆ ತಂಬುಳಿ. ಹಾಗಾಗಿ ಸವರಿದ್ದೂ ದಂಡವಿಲ್ಲ. ನರ್ಸರಿಯ ಕುಳ್ಳ ಜಾತಿಯ ಕೇಪಳ ಚೆಂದವೇ, ಆದರೆ ನಮ್ಮಲ್ಲಿ ಅದು ಹಣ್ಣು ಬಿಟ್ಟಿದ್ದನ್ನು ನಾನು ನೋಡಿಲ್ಲ. ಗುಡ್ಡದ ಕೇಪಳ ಈ ವರ್ಷ ಬಿಟ್ಟಿತು. ಮೊಮ್ಮಗಳನ್ನು ಕರೆದುಕೊಂಡು ಹೋಗುವಷ್ಟರಲ್ಲಿ ಪಿಕಳಾರ (ಬುಲ್‌ಬುಲ್) ಹಕ್ಕಿಗಳು ಮುಗಿಸಿದ್ದವು, ನಮಗೆ ಸಿಕ್ಕಿದ್ದು ಐದು. ಅವಳು ನಾಲ್ಕು ತಿಂದಳು.