ಬಿಸಿಯೇರಿ ನಿಂತುಹೋಗುವ ಕಂಪ್ಯೂಟರ್

ಕೇಳುಗರೆಲ್ಲರಿಗೂ ನಮಸ್ಕಾರ.

ಏಪ್ರಿಲ್ ಅರ್ಧ ಕಳೆಯಿತೆಂದರೆ ಮುಂಬಯಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ನಮ್ಮಂಥವರ ಫೋನಿಗೆ ಒಂದೇ ಬಗೆಯ ದೂರು ಮತ್ತೆ ಮತ್ತೆ ಬರತೊಡಗುತ್ತದೆ. "ಬೆಳಿಗ್ಗೆ ಏನೂ ತೊಂದರೆ ಇಲ್ಲ ಮಾರಾಯ್ರೆ. ಹನ್ನೊಂದು ಗಂಟೆ ಆದದ್ದೇ ಸ್ಲೋ ಆಗ್ತದೆ, ಮತ್ತೆ ಟಪ್ಪಂತ ಬಂದ್. ಕೂಡಲೇ ಆನ್ ಮಾಡಿದರೆ ಎರಡು ನಿಮಿಷದಲ್ಲಿ ಪುನಃ ಬಂದ್." ಡೊಂಬಿವಲಿಯ ಮನೆಗಳಿಂದ, ಮಾಟುಂಗದ ಹೋಟೆಲುಗಳ ಗಲ್ಲಾದಿಂದ, ವಾರ್ಷಿಕೋತ್ಸವದ ಸ್ಮರಣ ಸಂಚಿಕೆಗೆ ಪುಟ ಜೋಡಿಸುತ್ತಿರುವ ಕನ್ನಡ ಸಂಘಗಳ ಕಚೇರಿಯಿಂದ ಇದೇ ಮಾತು ಕೇಳಿಬರುತ್ತದೆ. ಮೊದಲು ನಿಧಾನ, ಆಮೇಲೆ ಬಂದ್, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸರಿ. ಈ ಮೂರೂ ಒಟ್ಟಿಗೆ ಕಂಡರೆ ಬಹುಮಟ್ಟಿಗೆ ಕಾರಣ ಬಿಸಿಯೇ.

ಬೇಸರದ ಸಂಗತಿ ಎಂದರೆ, ಹೆಚ್ಚಿನವರು ನಮ್ಮನ್ನು ಕರೆಯುವ ಹೊತ್ತಿಗೆ ಯಾರೋ ವಿಂಡೋಸನ್ನು ಫಾರ್ಮ್ಯಾಟ್ ಮಾಡಿ ಹೋಗಿರುತ್ತಾರೆ. ಮಕ್ಕಳ ಫೋಟೋ, ಲೆಕ್ಕಪತ್ರ, ನುಡಿಯಲ್ಲಿ ಬೆರಳಚ್ಚು ಮಾಡಿಟ್ಟ ಕಥೆ-ಕವನ ಎಲ್ಲ ಅದರೊಂದಿಗೆ ಹೋಗಿರುತ್ತದೆ. ಇನ್ನು ಕೆಲವರಿಗೆ ಒಳಗಿನ ಮುಖ್ಯ ಫಲಕವಾದ ಮದರ್‌ಬೋರ್ಡೇ ಬದಲಿಸಬೇಕೆಂದು ಹೇಳಿರುತ್ತಾರೆ. ಬಿಸಿ ಎಷ್ಟಿದೆ ಎಂದು ಒಮ್ಮೆಯೂ ನೋಡದೆ ಇಷ್ಟೆಲ್ಲ ಮಾಡುವುದು ಶುದ್ಧ ದಂಡ. ಮೊದಲು ಬಿಸಿ ನೋಡಿ, ಉಳಿದದ್ದು ಆಮೇಲೆ. ಈ ಹೊತ್ತು ನಾನು ಒತ್ತಿ ಹೇಳಬೇಕೆಂದಿರುವುದು ಅಷ್ಟೇ.

ಕಂಪ್ಯೂಟರಿನ ಕೆಲಸವನ್ನೆಲ್ಲ ನಡೆಸುವ ಮುಖ್ಯ ಚಿಪ್ಪೇ ಪ್ರೊಸೆಸರ್. ಅದರ ಒಳಗೇ ಬಿಸಿ ಅಳೆಯುವ ಸೆನ್ಸರ್ ಇರುತ್ತದೆ. ಅದು ತಾಳಿಕೊಳ್ಳಬಲ್ಲ ಮಿತಿಯನ್ನು ತಯಾರಕರೇ ಗೊತ್ತುಮಾಡಿರುತ್ತಾರೆ. ಇಂಟೆಲ್‌ನ ಬಹಳಷ್ಟು ಡೆಸ್ಕ್‌ಟಾಪ್ ಪ್ರೊಸೆಸರುಗಳಿಗೆ ಅದು ಸುಮಾರು 100 ಡಿಗ್ರಿ ಸೆಲ್ಸಿಯಸ್, ಎಎಂಡಿಯ ರೈಜನ್‌ಗಳಲ್ಲಿ ಹಲವಕ್ಕೆ 95. ಮಿತಿ ಮುಟ್ಟುತ್ತಿದ್ದಂತೆ ಪ್ರೊಸೆಸರ್ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ನಿಮಗೆ ಸ್ಲೋ ಅನ್ನಿಸುವುದು ಆಗಲೇ. ವೇಗ ಇಳಿಸಿದರೂ ಬಿಸಿ ಏರುತ್ತಲೇ ಹೋದರೆ, ಸುಟ್ಟುಹೋಗಬಾರದೆಂದು ಇಡೀ ಯಂತ್ರದ ಕರೆಂಟನ್ನೇ ಕಡಿಯುತ್ತದೆ. ಆಗ ಶಟ್‌ಡೌನ್ ಆಗುತ್ತಿದೆ ಎಂಬ ಸೂಚನೆ ಇಲ್ಲ, ಫೈಲ್ ಸೇವ್ ಮಾಡಲು ಸಮಯವೂ ಇಲ್ಲ. ಆಮೇಲೆ ವಿಂಡೋಸ್‌ನ ಘಟನೆಗಳ ದಾಖಲೆ ತೋರಿಸುವ ಈವೆಂಟ್ ವ್ಯೂವರ್ ತೆರೆದರೆ ಕರ್ನೆಲ್ ಪವರ್ 41 ಎಂಬ ನಮೂದು ಕಾಣುತ್ತದೆ. ಸರಿಯಾಗಿ ಮುಚ್ಚದೆ ಯಂತ್ರ ನಿಂತಿತು ಎಂದಷ್ಟೇ ಅದರ ಅರ್ಥ. ಯಾಕೆ ನಿಂತಿತು ಎಂದು ಅದು ಹೇಳುವುದಿಲ್ಲ.

ಹಾಗಾದರೆ ನೋಡುವುದು ಹೇಗೆ? ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಡಿಲೀಟ್ ಇಲ್ಲವೇ ಎಫ್ 2 ಕೀಲಿ ಒತ್ತುತ್ತ ಹೋದರೆ ಬಯಾಸ್, ಅಂದರೆ ವಿಂಡೋಸಿಗೂ ಮೊದಲು ಬರುವ ಸೆಟ್ಟಿಂಗ್ ಪುಟ, ತೆರೆದುಕೊಳ್ಳುತ್ತದೆ. ಅಲ್ಲಿ ಹಾರ್ಡ್‌ವೇರ್ ಮಾನಿಟರ್ ಅಥವಾ ಪಿಸಿ ಹೆಲ್ತ್ ಎಂಬ ಪುಟದಲ್ಲಿ ಪ್ರೊಸೆಸರಿನ ಬಿಸಿಯೂ ಫ್ಯಾನು ನಿಮಿಷಕ್ಕೆ ಎಷ್ಟು ಸುತ್ತುತ್ತದೆ ಎಂಬುದೂ ಕಾಣುತ್ತದೆ. ಆ ಪುಟದಲ್ಲಿ ಐದು ನಿಮಿಷ ಹಾಗೇ ಬಿಡಿ. 45, 50ರ ಆಸುಪಾಸಿನಲ್ಲಿ ನಿಂತರೆ ಸರಿ. ಅಲ್ಲಿಯೇ 80, 85, 90 ಎಂದು ಏರುತ್ತ ಹೋದರೆ ಫ್ಯಾನು ನಿಂತಿದೆ, ಇಲ್ಲವೇ ಪ್ರೊಸೆಸರಿನ ಬಿಸಿ ಹೀರುವ ಲೋಹದ ತುಂಡು, ಅಂದರೆ ಹೀಟ್ ಸಿಂಕ್, ಅದಕ್ಕೆ ಸರಿಯಾಗಿ ಕೂತಿಲ್ಲ, ಇಲ್ಲವೇ ಧೂಳು ಕಟ್ಟಿದೆ. ಬಯಾಸ್‌ನಲ್ಲಿ ಸರಿ ಇದ್ದು ಕೆಲಸದ ನಡುವೆ ನಿಲ್ಲುತ್ತಿದ್ದರೆ, ವಿಂಡೋಸ್ ಒಳಗೆ ಕೋರ್ ಟೆಂಪ್ ಅಥವಾ ಎಚ್‌ಡಬ್ಲ್ಯು ಮಾನಿಟರ್‌ನಂಥ ಪುಟ್ಟ ತಂತ್ರಾಂಶ ಹಾಕಿಕೊಂಡು, ಮಾಮೂಲಿ ಕೆಲಸ ಮಾಡುತ್ತಲೇ ಅಂಕಿಯ ಮೇಲೆ ಕಣ್ಣಿಡಿ. ಭಾರದ ಕೆಲಸದಲ್ಲಿ 80ರವರೆಗೆ ಹೋದರೆ ಗಾಬರಿ ಬೇಡ.

ಇದು ಏಪ್ರಿಲ್-ಮೇ ತಿಂಗಳಲ್ಲೇ ಯಾಕೆ ಹೆಚ್ಚು? ಫ್ಯಾನು ಊದುವುದು ಕೋಣೆಯ ಗಾಳಿಯನ್ನೇ. ಆ ಗಾಳಿಗಿಂತ ತಣ್ಣಗೆ ಅದು ಏನನ್ನೂ ಮಾಡಲಾರದು. ಎಸಿ ಇರುವ 24 ಡಿಗ್ರಿಯ ಕೋಣೆಯಲ್ಲಿ 75ರಲ್ಲಿ ನಿಲ್ಲುವ ಪ್ರೊಸೆಸರ್, 34 ಡಿಗ್ರಿಯ ಕೋಣೆಯಲ್ಲಿ ಹೆಚ್ಚುಕಡಿಮೆ 85ಕ್ಕೆ ಹೋಗುತ್ತದೆ. ಚಳಿಗಾಲದಲ್ಲಿ ಧೂಳು ತುಂಬಿದ್ದರೂ ಹೇಗೋ ದಿನ ದೂಡಿದ ಯಂತ್ರ ಬೇಸಿಗೆಯಲ್ಲಿ ಕೈಬಿಡುವುದು ಇದಕ್ಕೇ.

ಧೂಳಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಹೋಟೆಲಿನ ಗಲ್ಲಾದ ಕೆಳಗಿರುವ ಬಿಲ್ಲಿಂಗ್ ಕಂಪ್ಯೂಟರನ್ನೇ ತೆಗೆದುಕೊಳ್ಳಿ. ಪಕ್ಕದ ಮುಚ್ಚಳ ತೆಗೆದರೆ ಫ್ಯಾನು ಸುತ್ತುತ್ತಲೇ ಇರುತ್ತದೆ, ಎಲ್ಲ ಸರಿ ಇರುವಂತೆ ಕಾಣುತ್ತದೆ. ತೊಂದರೆ ಇರುವುದು ಫ್ಯಾನಿನ ಕೆಳಗೆ. ಫ್ಯಾನನ್ನು ಬಿಚ್ಚಿ ಎತ್ತಿದರೆ, ಹೀಟ್ ಸಿಂಕಿನ ಅಲ್ಯೂಮಿನಿಯಂ ರೆಕ್ಕೆಗಳ ಮೇಲೆ ಕಂಬಳಿಯ ತುಂಡು ಹಾಸಿದ ಹಾಗೆ ಬೂದು ಬಣ್ಣದ ಪದರ. ಕರಿಯುವ ಎಣ್ಣೆಯ ಜಿಡ್ಡು, ಹಿಟ್ಟಿನ ಪುಡಿ, ರಸ್ತೆಯ ಧೂಳು ಎಲ್ಲ ಸೇರಿ ಅಂಟಿಕೊಂಡಿರುತ್ತದೆ. ಗಾಳಿ ಮೇಲಿಂದ ಬಡಿದು ಹಾಗೇ ವಾಪಸು ಬರುತ್ತದೆ, ಲೋಹಕ್ಕೆ ತಾಗುವುದೇ ಇಲ್ಲ. ಇಂಥ ಪದರಕ್ಕೆ ಗಾಳಿ ಊದುವ ಬ್ಲೋವರ್ ಸಾಲದು. ಅಂಚಿನಿಂದ ಎಬ್ಬಿಸಿದರೆ ಇಡೀ ಪದರ ಒಂದೇ ತುಂಡಾಗಿ ಎದ್ದು ಬರುತ್ತದೆ. ಉಳಿದದ್ದನ್ನು ಒಣ ಪೇಂಟ್ ಬ್ರಶ್ಶಿನಿಂದ ರೆಕ್ಕೆಯ ಸಂದುಗಳಲ್ಲಿ ಉಜ್ಜಿ ತೆಗೆಯಬೇಕು. ಮನೆಗಳಲ್ಲಿ ಜಿಡ್ಡು ಕಡಿಮೆ, ಆದರೆ ಪಕ್ಕದಲ್ಲಿ ಹಳೆಯ ಕಟ್ಟಡ ಕೆಡವಿ ಹೊಸದು ಕಟ್ಟುತ್ತಿದ್ದರೆ ಸಿಮೆಂಟ್ ಧೂಳು ಕೆಲವೇ ತಿಂಗಳಲ್ಲಿ ಅದೇ ಗತಿ ತರುತ್ತದೆ. ಮಳೆಗಾಲದ ತೇವ ಈ ಧೂಳನ್ನು ಇನ್ನೂ ಗಟ್ಟಿಯಾಗಿ ಕೂರಿಸುತ್ತದೆ.

ಶುಚಿ ಮಾಡುವ ಮೊದಲು ಸ್ವಿಚ್ ಆರಿಸಿ, ಪ್ಲಗ್ಗನ್ನು ಕಿತ್ತೇ ಇಡಿ. ಆಮೇಲೆ ಪವರ್ ಬಟನನ್ನು ಕೆಲವು ಸೆಕೆಂಡು ಒತ್ತಿ ಹಿಡಿಯಿರಿ, ಒಳಗೆ ಉಳಿದ ಕರೆಂಟು ಇಳಿಯುತ್ತದೆ. ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹವನ್ನು ಒಮ್ಮೆ ಮುಟ್ಟಿ ಒಳಗೆ ಕೈಹಾಕಿ. ಬ್ಲೋವರ್ ಹೊಡೆಯುವಾಗ ಫ್ಯಾನಿನ ಎಲೆಯನ್ನು ಬೆರಳಿನಿಂದ ಹಿಡಿದಿರಬೇಕು. ಬಿಟ್ಟರೆ ಅದು ಮಿತಿಮೀರಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ಒದ್ದೆ ಬಟ್ಟೆ ಬೇಡವೇ ಬೇಡ. ಮನೆ ಗುಡಿಸುವ ವ್ಯಾಕ್ಯೂಮ್ ಕ್ಲೀನರನ್ನೂ ಒಳಗೆ ತೂರಿಸಬೇಡಿ, ಅದರ ಸ್ಥಾಯೀ ವಿದ್ಯುತ್ತು ಚಿಪ್ಪುಗಳಿಗೆ ಅಪಾಯ. ಇನ್ನೊಂದನ್ನು ಕೈಮುಗಿದು ಹೇಳುತ್ತೇನೆ: ಎಸ್‌ಎಂಪಿಎಸ್ ಎಂಬ ಪವರ್ ಡಬ್ಬಿಯನ್ನು ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರುಗಳಲ್ಲಿ ಜೀವಕ್ಕೆ ಮುಳುವಾಗುವಷ್ಟು ವಿದ್ಯುತ್ತು ಉಳಿದಿರಬಹುದು. ಅದರ ಜಾಲರಿಯ ಹೊರಗಿನಿಂದ ಊದಿದರೆ ಸಾಕು.

ಧೂಳೇ ಇಲ್ಲ, ಆದರೂ ಬಿಸಿ. ಹೀಗೂ ಆಗುತ್ತದೆ, ಅದರಲ್ಲೂ ಹನ್ನೊಂದು ತಿಂಗಳ ಅಗ್ರಿಮೆಂಟ್ ಮುಗಿದು ಟೆಂಪೋದಲ್ಲಿ ಸಾಮಾನು ಹೇರಿ ಮನೆ ಬದಲಿಸಿದ ಮೇಲೆ. ಇಂಟೆಲ್ ಪ್ರೊಸೆಸರಿನ ಜತೆಗೆ ಬರುವ ಮಾಮೂಲಿ ಹೀಟ್ ಸಿಂಕನ್ನು ನಾಲ್ಕು ಪ್ಲಾಸ್ಟಿಕ್ ಪಿನ್ನುಗಳು ಬೋರ್ಡಿಗೆ ಹಿಡಿದಿಟ್ಟಿರುತ್ತವೆ. ದಾರಿಯ ಕುಲುಕಾಟಕ್ಕೆ ಒಂದು ಪಿನ್ನು ಸಡಿಲವಾದರೂ ಆ ಮೂಲೆ ಕೂದಲೆಳೆಯಷ್ಟು ಎದ್ದು ನಿಲ್ಲುತ್ತದೆ. ಅಷ್ಟು ಸಾಕು, ಬಿಸಿ ದಾಟುವುದಿಲ್ಲ. ನಾಲ್ಕೂ ಮೂಲೆಯನ್ನು ಮೆಲ್ಲಗೆ ಅಲ್ಲಾಡಿಸಿ ನೋಡಿ.

ಹೀಟ್ ಸಿಂಕನ್ನು ಪೂರ್ತಿ ಎತ್ತಿದಿರಿ ಎಂದರೆ ಪ್ರೊಸೆಸರಿನಿಂದ ಅದಕ್ಕೆ ಬಿಸಿ ದಾಟಿಸುವ ಹಳೆಯ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಾಕಲೇಬೇಕು. ವರ್ಷಗಳು ಕಳೆದಂತೆ ಅದು ಒಣಗಿ ಪುಡಿಯಾಗುತ್ತದೆ. ಗ್ರ್ಯಾಂಟ್ ರೋಡಿನ ಬಳಿಯ ಲ್ಯಾಮಿಂಗ್ಟನ್ ರೋಡಿನಲ್ಲಿ ಸಣ್ಣ ಸಿರಿಂಜಿನಲ್ಲಿ ಸಿಗುತ್ತದೆ. ಹಳೆಯದನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ, ನೂಲು ಬಿಡದ ಬಟ್ಟೆಯಿಂದ ಒರೆಸಿ, ಪ್ರೊಸೆಸರಿನ ನಟ್ಟನಡುವೆ ಹೊಸ ಪೇಸ್ಟನ್ನು ಸಣ್ಣ ಬಟಾಣಿಯಷ್ಟು ಇಟ್ಟು ಹೀಟ್ ಸಿಂಕನ್ನು ನೇರವಾಗಿ ಒತ್ತಿ ಕೂರಿಸಿ. ಅಡಿಯಲ್ಲಿ ಪಿನ್ನುಗಳಿರುವ ಹಳೆಯ ರೈಜನ್ ಆಗಿದ್ದರೆ ಒಂದು ಎಚ್ಚರ: ಮೊದಲು ಯಂತ್ರವನ್ನು ಸ್ವಲ್ಪ ಹೊತ್ತು ನಡೆಸಿ ಪೇಸ್ಟ್ ಮೆದುವಾದ ಮೇಲೆ, ಕರೆಂಟು ಕಿತ್ತು, ಹೀಟ್ ಸಿಂಕನ್ನು ಆಚೀಚೆ ತಿರುವಿ ಎತ್ತಬೇಕು. ನೇರ ಎಳೆದರೆ ಪ್ರೊಸೆಸರೇ ಅಂಟಿಕೊಂಡು ಕಿತ್ತು ಬಂದು ಪಿನ್ನುಗಳು ಬಾಗುತ್ತವೆ. ತಮ್ಮ ಕೈಚಳಕದ ಮೇಲೆ ಭರವಸೆ ಇಲ್ಲದವರು ಈ ಕೆಲಸ ಬಲ್ಲವರಿಗೆ ಬಿಡುವುದು ಒಳ್ಳೆಯದು.

ಕಂಪ್ಯೂಟರ್ ಇಟ್ಟಿರುವ ಜಾಗವನ್ನೂ ನೋಡಿ. ಒಂದು ಕೋಣೆ, ಒಂದು ಅಡಿಗೆಮನೆಯ ನಮ್ಮ ಬಿಡಾರಗಳಲ್ಲಿ ಜಾಗಕ್ಕೆ ಬರ ಎಂಬುದು ಗೊತ್ತಿದ್ದದ್ದೇ. ಆದರೂ ಮೇಜಿನ ಮುಚ್ಚಿದ ಖಾನೆಯೊಳಗೆ ಕ್ಯಾಬಿನೆಟ್ ತುರುಕಿದರೆ ಹಿಂದಿನಿಂದ ಹೊರಬಿದ್ದ ಬಿಸಿಗಾಳಿಯೇ ಮುಂದಿನಿಂದ ಒಳಗೆ ಹೋಗುತ್ತದೆ. ಗೋಡೆಗೂ ಅದರ ಬೆನ್ನಿಗೂ ನಡುವೆ ಒಂದು ಗೇಣು ಬಿಡಿ. ಪರೀಕ್ಷೆಗೆಂದು ಒಮ್ಮೆ ಅದನ್ನು ಖಾನೆಯಿಂದ ಹೊರಗಿಟ್ಟು, ಪಕ್ಕದ ಮುಚ್ಚಳ ತೆಗೆದು, ಟೇಬಲ್ ಫ್ಯಾನ್ ಹಾಕಿ ನಡೆಸಿ. ಆಗ ನಿಲ್ಲದಿದ್ದರೆ ಕೊರತೆ ಬಹುಮಟ್ಟಿಗೆ ಗಾಳಿಯದೇ. ಹಾಗೆಂದು ಮುಚ್ಚಳವಿಲ್ಲದೆಯೇ ಇಟ್ಟುಬಿಡಬೇಡಿ, ಜಿರಳೆ-ಹಲ್ಲಿಗಳಿಗೆ ಬೆಚ್ಚನೆಯ ಮನೆ ಆದೀತು.

ಏನೂ ತೆರೆಯದಿದ್ದಾಗಲೂ ಪ್ರೊಸೆಸರ್ ನೂರಕ್ಕೆ ನೂರು ದುಡಿಯುತ್ತಿದೆ ಎಂದು ಟಾಸ್ಕ್ ಮ್ಯಾನೇಜರ್ ತೋರಿಸಿದರೆ ವೈರಸ್ಸಿನ ಗುಮಾನಿ ಇಟ್ಟುಕೊಳ್ಳಿ. ಆದರೆ ಹೀಟ್ ಸಿಂಕ್ ಸರಿ ಇರುವ ಯಂತ್ರ ಪೂರ್ತಿ ಭಾರದಲ್ಲೂ ಗಂಟೆಗಟ್ಟಲೆ ನಿಲ್ಲದೆ ನಡೆಯಬೇಕು. ವೈರಸ್ ತೆಗೆದ ಮಾತ್ರಕ್ಕೆ ಒಳಗಿನ ಧೂಳು ಹೋಗುವುದಿಲ್ಲ.

ಬಿಸಿ 60ರಲ್ಲೇ ಇದ್ದೂ ಕಂಪ್ಯೂಟರ್ ನಿಲ್ಲುತ್ತಿದ್ದರೆ ದಾರಿ ಬೇರೆ. ಆಗ ಎಸ್‌ಎಂಪಿಎಸ್ ಸೋತಿರಬಹುದು, ಬೋರ್ಡಿನ ಮೇಲಿನ ಕೆಪಾಸಿಟರುಗಳ ತಲೆ ಉಬ್ಬಿರಬಹುದು. ಗೇಮ್ ಆಡುವಾಗ ಮಾತ್ರ ನಿಲ್ಲುತ್ತಿದ್ದರೆ ಗ್ರಾಫಿಕ್ಸ್ ಕಾರ್ಡಿನ ಬಿಸಿಯನ್ನೂ ನೋಡಬೇಕು. ಇಂಥದ್ದಕ್ಕೆ ಅಂಗಡಿಗೆ ಒಯ್ಯಲೇಬೇಕಾಗುತ್ತದೆ. ಒಯ್ಯುವ ಮೊದಲು ನಿಮ್ಮ ಫೈಲುಗಳನ್ನೆಲ್ಲ ಪೆನ್‌ಡ್ರೈವಿಗೋ ಹೊರಗಿನ ಹಾರ್ಡ್‌ಡಿಸ್ಕಿಗೋ ನಕಲು ಮಾಡಿಕೊಳ್ಳಿ. ಆನ್ ಮಾಡಿದಾಗ ಎಷ್ಟು ಡಿಗ್ರಿ, ನಿಲ್ಲುವ ಮುಂಚೆ ಎಷ್ಟು ಡಿಗ್ರಿ, ಎಷ್ಟು ನಿಮಿಷಕ್ಕೆ ನಿಂತಿತು, ಆಗ ಯಾವ ಕೆಲಸ ನಡೆದಿತ್ತು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಕೊಡಿ. ನಿಮ್ಮನ್ನು ಕೇಳದೆ ಫಾರ್ಮ್ಯಾಟ್ ಮಾಡಬಾರದೆಂದು ಅದೇ ಚೀಟಿಯಲ್ಲಿ ಬರೆಯಿರಿ.

ನಮಸ್ಕಾರ.