ಬಾವಿಯ ನೀರನ್ನು ಮೇಲಕ್ಕೆ ತಳ್ಳುವ ಗಾಳಿ

ಕೇಳುಗರಿಗೆ ನಮಸ್ಕಾರ.

ಕೋಲಾರ ಜಿಲ್ಲೆಯ ತೆರೆದ ಬಾವಿಗಳಲ್ಲಿ ನೀರಿದ್ದ ಕಾಲದಲ್ಲಿ, ನೀರಿನ ಮಟ್ಟ ಇಳಿದಂತೆಲ್ಲ ರೈತರು ಬಾವಿಯೊಳಗೆ ತೊಲೆ ಹಾಯಿಸಿಯೋ ಕಲ್ಲಿನ ಕಟ್ಟೆ ಕಟ್ಟಿಯೋ ಪಂಪನ್ನೂ ಕೆಳಗೆ ಇಳಿಸುತ್ತಿದ್ದರು. ಇನ್ನೂ ದೊಡ್ಡ ಮೋಟರನ್ನು ದಡದ ಮೇಲೆಯೇ ಇಟ್ಟರೆ ಏಕೆ ಸಾಲದು ಎಂಬ ಪ್ರಶ್ನೆಗೆ ನನಗೆ ಉತ್ತರ ದೊರೆತದ್ದು ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದುವಾಗ.

ಪಂಪು ನೀರನ್ನು ಎಳೆಯುವುದೇ ಇಲ್ಲ. ಅದರೊಳಗಿನ ಇಂಪೆಲ್ಲರ್ ಚಕ್ರವು ತನ್ನಲ್ಲಿರುವ ನೀರನ್ನು ಹೊರಕ್ಕೆ ಎಸೆದಾಗ ಚಕ್ರದ ಬಾಯಲ್ಲಿ ಒತ್ತಡ ತಗ್ಗುತ್ತದೆ. ಆಗ ಬಾವಿಯ ನೀರಿನ ಮೇಲೆ ಸದಾ ಒತ್ತುತ್ತಿರುವ ವಾಯುಮಂಡಲವೇ ನೀರನ್ನು ಪೈಪಿನೊಳಗೆ ಮೇಲಕ್ಕೆ ತಳ್ಳುತ್ತದೆ. ಕೊಳವೆಯಿಂದ ಎಳನೀರು ಕುಡಿಯುವಾಗ ನಡೆಯುವುದೂ ಇದೇ. ಗಾಳಿಯ ಈ ಒತ್ತಡ ಸುಮಾರು 76 ಸೆಂಟಿಮೀಟರ್ ಪಾದರಸವನ್ನು ಎತ್ತಿ ಹಿಡಿಯಬಲ್ಲದೆಂಬುದು ಇಟಲಿಯ ಟೊರಿಚೆಲ್ಲಿ 1643ರಲ್ಲಿ ರೂಪಿಸಿದ ಪ್ರಯೋಗದಿಂದ ತಿಳಿಯಿತು. ಪಾದರಸದ ತೂಕ ನೀರಿನ 13.6 ಪಟ್ಟು, ಆದ್ದರಿಂದ ಸಮುದ್ರಮಟ್ಟದಲ್ಲಿ ಗಾಳಿಯು ನೀರನ್ನು 10.3 ಮೀಟರ್‌ವರೆಗೆ ಎತ್ತಬಲ್ಲದು. 800 ಮೀಟರಿಗೂ ಹೆಚ್ಚು ಎತ್ತರದಲ್ಲಿರುವ ಕೋಲಾರದಲ್ಲಿ ಗಾಳಿಯೇ ತುಸು ತೆಳು, ಹಾಗಾಗಿ ಈ ಮಿತಿ ಸುಮಾರು 9.4 ಮೀಟರಿಗೆ ಇಳಿಯುತ್ತದೆ. ಮೋಟರು ಎಷ್ಟೇ ದೊಡ್ಡದಿದ್ದರೂ ಇದನ್ನು ಮೀರಲಾರದು.

ವಾಸ್ತವದಲ್ಲಿ ಆರೇಳು ಮೀಟರ್ ದಾಟಿದರೇ ತೊಂದರೆ ಶುರುವಾಗುತ್ತದೆ. ಒತ್ತಡ ತೀರಾ ತಗ್ಗಿದರೆ ತಣ್ಣೀರೂ ಕುದಿಯುತ್ತದೆ. ಹಾಗೆ ಹುಟ್ಟಿದ ಗುಳ್ಳೆಗಳು ಚಕ್ರದೊಳಗೆ ಒಡೆಯುವಾಗ ಜಲ್ಲಿ ಉರುಳಿದಂತಹ ಸದ್ದಾಗುತ್ತದೆ, ಕಾಲಕ್ರಮದಲ್ಲಿ ಲೋಹದ ಮೇಲ್ಮೈಯಲ್ಲಿ ಕುಳಿಗಳು ಬೀಳುತ್ತವೆ.

ಪೈಪಿನ ಬುಡದಲ್ಲಿದ್ದು ನೀರು ಬಾವಿಗೆ ಮರಳದಂತೆ ತಡೆಯುವ ಫುಟ್‌ವಾಲ್ವ್ ಸೋರಿ, ಪಂಪಿನೊಳಗೆ ಗಾಳಿ ತುಂಬಿದಾಗ ಮೋಟರು ತಿರುಗಿದರೂ ನೀರು ಬಾರದಿರುವುದಕ್ಕೂ ಒತ್ತಡವೇ ಕಾರಣ. ಗಾಳಿಯ ಸಾಂದ್ರತೆ ನೀರಿನ ಸುಮಾರು ಎಂಟುನೂರನೆಯ ಒಂದು ಭಾಗ ಮಾತ್ರ. ನೀರಿನ ಬದಲು ಗಾಳಿಯನ್ನು ಎಸೆಯುವ ಚಕ್ರವು ಒತ್ತಡವನ್ನೂ ಅಷ್ಟೇ ಅಲ್ಪವಾಗಿ ತಗ್ಗಿಸುತ್ತದೆ. ಮೊದಲು ಬಿಂದಿಗೆಯಿಂದ ಪಂಪಿಗೆ ನೀರು ತುಂಬಿಸುವ ನಮ್ಮ ಹಿರಿಯರ ಅಭ್ಯಾಸ ಶುದ್ಧ ಭೌತಶಾಸ್ತ್ರ.

ಕೊಳವೆಬಾವಿಯ ಸಬ್‌ಮರ್ಸಿಬಲ್ ಪಂಪು ನೀರಿನೊಳಗೇ ಮುಳುಗಿದ್ದು, ಕೆಳಗಿನಿಂದಲೇ ತಳ್ಳುವುದರಿಂದ ಅದಕ್ಕೆ ಗಾಳಿಯ ಮಿತಿ ಅಡ್ಡಿಯಾಗದು. ಒಂದರ ಮೇಲೊಂದು ಜೋಡಿಸಿದ ಚಕ್ರಗಳಲ್ಲಿ ಪ್ರತಿಯೊಂದೂ ಒತ್ತಡವನ್ನು ಒಂದಿಷ್ಟು ಏರಿಸುತ್ತದೆ. ಆದರೆ ಗುರುತ್ವಾಕರ್ಷಣೆಯ ಲೆಕ್ಕ ತಪ್ಪುವುದಿಲ್ಲ. 300 ಮೀಟರ್, ಅಂದರೆ ಸಾವಿರ ಅಡಿಗೆ ಸಮೀಪದ ಆಳದಿಂದ ಸೆಕೆಂಡಿಗೆ ಒಂದು ಲೀಟರ್ ನೀರೆತ್ತಲು 2.9 ಕಿಲೋವಾಟ್, ಸುಮಾರು 4 ಅಶ್ವಶಕ್ತಿ, ಬೇಕೇ ಬೇಕು. ಪಂಪು ಮತ್ತು ಮೋಟರಿನಲ್ಲಿ ಅರ್ಧದಷ್ಟು ನಷ್ಟವಾದರೆ ವಿದ್ಯುತ್ತಿನ ಬಳಕೆ ಅದರ ಇಮ್ಮಡಿ. ಇಷ್ಟು ಆಳದ ನೀರನ್ನು ಕಾಲುವೆಯಲ್ಲಿ ಹರಿಯಬಿಟ್ಟು ಇಂಗಿಸುವುದು ನನಗೆ ನಿಜಕ್ಕೂ ಸಂಕಟದ ವಿಷಯ.

ನಾವು ತಗ್ಗಿಸಬಹುದಾದದ್ದು ಪೈಪಿನೊಳಗಿನ ಘರ್ಷಣೆಯನ್ನು. ಹರಿವು ಅಷ್ಟೇ ಇದ್ದು ಪೈಪಿನ ವ್ಯಾಸ ಅರ್ಧವಾದರೆ ಘರ್ಷಣೆಯ ನಷ್ಟ ಸುಮಾರು 32 ಪಟ್ಟಾಗುತ್ತದೆ. ಆದ್ದರಿಂದ ಪಂಪು ಕೊಳ್ಳುವಾಗ ಅಶ್ವಶಕ್ತಿಯನ್ನಷ್ಟೇ ವಿಚಾರಿಸದೆ, ಅದರ ಫಲಕದ ಮೇಲೆ ಹೆಡ್, ಅಂದರೆ ಪಂಪು ನೀರನ್ನು ಎತ್ತಬಲ್ಲ ಎತ್ತರ, ಎಂದು ನಮೂದಿಸಿರುವ ಮೀಟರುಗಳನ್ನು ನಿಮ್ಮ ಕೊಳವೆಬಾವಿಯ ನೀರಿನ ಆಳದೊಂದಿಗೆ ಹೋಲಿಸಿ, ಘರ್ಷಣೆಯ ಪಾಲನ್ನೂ ಸೇರಿಸಿ ಲೆಕ್ಕ ಹಾಕಿಸಿಕೊಳ್ಳಿ. ನಮಸ್ಕಾರ.