ಅಜ್ಜಿಯ ಬಟ್ಟಿ, ನಮ್ಮ ಮಹಾಪಧಮನಿ

ವೇದಿಕೆಯ ಮೇಲಿರುವ ಹಿರಿಯರೇ, ನಾಳೆ ದೇಹವಿಚ್ಛೇದನದ ಕೊಠಡಿಗೆ ಕಾಲಿಡಲಿರುವ ವಿದ್ಯಾರ್ಥಿಗಳೇ, ಮಕ್ಕಳನ್ನು ಬಿಟ್ಟುಹೋಗಲು ಬಂದು ಇಲ್ಲಿಯೇ ಕುಳಿತುಬಿಟ್ಟ ತಂದೆತಾಯಂದಿರೇ,

ಆಮಂತ್ರಣ ಪತ್ರಿಕೆಯಲ್ಲಿ ‘ಉದರದ ಮುಖ್ಯ ರಕ್ತನಾಳಗಳು’ ಎಂದು ಅಚ್ಚಾಗಿದೆ. ನನಗೆ ನಲವತ್ತು ನಿಮಿಷ ಕೊಟ್ಟಿದ್ದರು. ಅದರಲ್ಲಿ ಹನ್ನೆರಡನ್ನು ಹಾರ ತುರಾಯಿಗಳೇ ತಿಂದವು. ಹೀಗಾಗಿ ಪೀಠಿಕೆ ಬಿಟ್ಟು ನೇರವಾಗಿ ನನ್ನ ಅಜ್ಜಿಯ ಬಳಿಗೆ ಹೋಗುತ್ತೇನೆ.

ಗೋಕಾಕ ತಾಲ್ಲೂಕಿನ ನಮ್ಮ ಊರಿನಲ್ಲಿ ಮಕ್ಕಳಿಗೆ ಹೊಟ್ಟೆ ನೊಂದರೆ ‘ಬಟ್ಟಿ ಜಾರಿದೆ’, ಅಂದರೆ ಹೊಕ್ಕುಳಿನ ಬಳಿಯ ಬಡಿತ ಜಾಗ ತಪ್ಪಿದೆ, ಎನ್ನುತ್ತಿದ್ದರು. ನಗಬೇಡಿ, ನಿಮ್ಮಲ್ಲಿ ಅರ್ಧ ಜನರ ಬಟ್ಟಿಯನ್ನೂ ಯಾರೋ ತಿಕ್ಕಿರುತ್ತಾರೆ. ಅಜ್ಜಿ ಬೆಳಗಿನ ಬರಿಹೊಟ್ಟೆಯಲ್ಲಿ ನನ್ನನ್ನು ಚಾಪೆಯ ಮೇಲೆ ಅಂಗಾತ ಮಲಗಿಸುತ್ತಿದ್ದಳು. ಮೊಣಕಾಲು ಮಡಚಿಸುತ್ತಿದ್ದಳು. ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಂಡು ಹೊಕ್ಕುಳಿನ ಬದಿಯಲ್ಲಿ ಬೆರಳೂರಿ ‘ಉಸಿರು ಬಿಡು’ ಎನ್ನುತ್ತಿದ್ದಳು. ಬಿಟ್ಟಷ್ಟೂ ಬೆರಳು ಇಳಿಯುತ್ತಿತ್ತು. ‘ಇಗೋ, ಇಲ್ಲಿ ಬಡಿಯುತ್ತಿದೆ. ಎಡಕ್ಕೆ ಸರಿದಿದೆ.’ ಆಮೇಲೆ ಹೊಟ್ಟೆಯ ಮೇಲೊಂದು ಪುಟ್ಟ ದೀಪ, ಅದರ ಮೇಲೆ ಬೋರಲು ತಂಬಿಗೆ. ದೀಪ ಆರುತ್ತಲೇ ತಂಬಿಗೆ ಚರ್ಮವನ್ನು ಕಚ್ಚಿ ಹಿಡಿಯುತ್ತಿತ್ತು. ನೋವು ಹೋಗುತ್ತಿತ್ತೋ, ತಂಬಿಗೆಯ ಭಯಕ್ಕೆ ನಾನೇ ಹೋಯಿತೆನ್ನುತ್ತಿದ್ದೆನೋ, ಈಗ ಹೇಳಲಾರೆ.

ವೈದ್ಯಕೀಯ ಓದಲು ಬಂದ ಮೇಲೆ ಪ್ರಾಧ್ಯಾಪಕರು ಹೊಟ್ಟೆ ಪರೀಕ್ಷಿಸುವ ವಿಧಾನ ಕಲಿಸಿದರು. ಮೊಣಕಾಲು ಮಡಚಿಸಿ, ಕೈ ಬೆಚ್ಚಗಿರಲಿ, ಉಸಿರು ಬಿಡುವಾಗ ಒತ್ತಿ. ಅಜ್ಜಿಯ ಪಾಠವೇ! ರೋಗದ ಹೆಸರಿನಲ್ಲಿ ಅವಳು ತಪ್ಪಿದ್ದಳು, ಬೆರಳಿನಲ್ಲಿ ತಪ್ಪಿರಲಿಲ್ಲ. ಅವಳಿಗೆ ಸಿಗುತ್ತಿದ್ದದ್ದು ಮಹಾಪಧಮನಿಯ, ಅಂದರೆ ಹೃದಯದಿಂದ ರಕ್ತ ಹೊತ್ತು ತರುವ ಹೆಬ್ಬಾಗಿಲಿನಂಥ ನಾಳದ ಬಡಿತ. ನಮ್ಮ ಓಣಿಯಲ್ಲಿ ಒಂದು ಮಗುವಿಗೂ ಬಟ್ಟಿ ಬಲಕ್ಕೆ ಜಾರಿದ್ದನ್ನು ನಾನು ಕೇಳಲಿಲ್ಲ. ಜಾರುವುದಾದರೂ ಹೇಗೆ? ಆ ನಾಳ ಬೆನ್ನುಮೂಳೆಯ ಹನ್ನೆರಡನೆಯ ಎದೆಮಣಿಯ ಮುಂದೆ, ಎದೆ ಹೊಟ್ಟೆಗಳ ನಡುವಿನ ಪರದೆಯಾದ ವಪೆಯನ್ನು ದಾಟಿ ಹೊಟ್ಟೆಗೆ ಇಳಿಯುತ್ತದೆ, ಬೆನ್ನುಮೂಳೆಗೆ ಒರಗಿ ನಡುಗೆರೆಯ ತುಸು ಎಡಕ್ಕೇ ಸಾಗುತ್ತದೆ, ನಾಲ್ಕನೆಯ ಸೊಂಟಮಣಿಯ ಬಳಿ, ಅಂದರೆ ಹೊಕ್ಕುಳಿನ ತುಸು ಕೆಳಗೆ, ಎರಡಾಗಿ ಕವಲೊಡೆಯುತ್ತದೆ. ಬಲಗಡೆಯ ಜಾಗ ರಕ್ತವನ್ನು ಹೃದಯಕ್ಕೆ ಮರಳಿಸುವ ಕೆಳ ಮಹಾಅಭಿಧಮನಿಯದು. ಅದು ತೆಳುಗೋಡೆಯ ನಾಳ, ಬಡಿಯುವುದಿಲ್ಲ. ಹೀಗಾಗಿ ನಮ್ಮೆಲ್ಲರ ಬಟ್ಟಿಯೂ ಹುಟ್ಟಿನಿಂದಲೇ ಎಡಕ್ಕೆ ಜಾರಿದೆ.

ಈ ಕಥೆಯನ್ನು ಇಷ್ಟು ಎಳೆದದ್ದಕ್ಕೆ ಕಾರಣವಿದೆ. ಈಗಿನ ಆಸ್ಪತ್ರೆಗಳಲ್ಲಿ ರೋಗಿಯ ಹೊಟ್ಟೆಯನ್ನು ಯಂತ್ರ ಮೊದಲು ನೋಡುತ್ತದೆ, ವೈದ್ಯರು ವರದಿಯನ್ನು ನೋಡುತ್ತಾರೆ. ನಾನು ಸ್ಕ್ಯಾನಿಂಗ್ ವಿರೋಧಿಯಲ್ಲ. ಕೈ ಇಡಿ, ಆಮೇಲೆ ಕಳಿಸಿ ಎನ್ನುತ್ತೇನೆ, ಅಷ್ಟೆ.

ನಾನೇ ಕೈ ಇಡದ ಒಂದು ರಾತ್ರಿಯನ್ನು ಹೇಳುತ್ತೇನೆ. ಆಗ ಕೆಲಸಕ್ಕೆ ಸೇರಿ ವರ್ಷವಾಗಿರಲಿಲ್ಲ. ಅರವತ್ತು ದಾಟಿದ ರೈತರೊಬ್ಬರು ಕಿವಿಯ ಸಂದಿಯಲ್ಲಿ ಅರ್ಧ ಬೀಡಿ ಸಿಕ್ಕಿಸಿಕೊಂಡು, ಎಡ ಸೊಂಟವನ್ನು ಒತ್ತಿ ಹಿಡಿದುಕೊಂಡು ಬಂದರು. ನೋವು ತೊಡೆಸಂದಿಗೆ ಇಳಿಯುತ್ತಿತ್ತು. ಮೂತ್ರಪಿಂಡದ ಕಲ್ಲು ಎಂದು ಬರೆದೆ, ಇಂಜೆಕ್ಷನ್ ಕೊಟ್ಟೆ. ಅಂಗಿಯ ಗುಂಡಿ ಬಿಚ್ಚಿಸಲಿಲ್ಲ. ನೋವು ತಗ್ಗಿತು, ಅವರು ನನಗೆ ಕೈಮುಗಿದು ಬೆಳಗಿನ ಮೊದಲ ಬಸ್ಸು ಹತ್ತಿದರು. ಮರುದಿನ ಸಂಜೆ ಟ್ರ್ಯಾಕ್ಟರ್‌ನಲ್ಲಿ ಮಲಗಿಸಿ ತಂದಾಗ ನಾಡಿ ಸಿಗಲಿಲ್ಲ. ಉಬ್ಬಿದ್ದ ಮಹಾಪಧಮನಿ ಹಿಂಬದಿಗೆ ಸೋರಿತ್ತು. ಅಲ್ಲಿನ ಅಂಗಾಂಶ ರಕ್ತವನ್ನು ಒಂದು ದಿನ ಒತ್ತಿ ಹಿಡಿದು ನನಗೆ ಅವಕಾಶ ಕೊಟ್ಟಿತ್ತು. ಅರವತ್ತರ ನಂತರ ಜೀವನದಲ್ಲಿ ಮೊದಲ ಸಲ ‘ಕಲ್ಲಿನ ನೋವು’ ಬಂದವರಲ್ಲಿ ಮೊದಲು ಮಹಾಪಧಮನಿಯನ್ನು ಅನುಮಾನಿಸಿ.

ಸಹಜವಾಗಿ ಅದರ ಅಗಲ ಸುಮಾರು 2 ಸೆಂಟಿಮೀಟರ್. 3 ದಾಟಿದರೆ ಅನ್ಯೂರಿಸಮ್, ಅಂದರೆ ನಾಳದ ಉಬ್ಬು. ಗಂಡಸರಲ್ಲಿ 5.5 ಮುಟ್ಟಿದರೆ ಶಸ್ತ್ರಚಿಕಿತ್ಸೆಯ ಮಾತು. ಹೆಚ್ಚಿನವು ಮೂತ್ರಪಿಂಡದ ಅಪಧಮನಿಗಳ ಕೆಳಗೆ ಉಬ್ಬುತ್ತವೆ. ಎರಡೂ ಕೈಗಳ ಬೆರಳನ್ನು ಅಕ್ಕಪಕ್ಕ ಇಡಿ. ಬಡಿತ ಬೆರಳನ್ನು ಮೇಲಕ್ಕಷ್ಟೇ ಎತ್ತಿದರೆ ಗಾಬರಿಯಿಲ್ಲ. ಎರಡು ಬದಿಗೂ ದೂಡಿದರೆ ಅದು ಉಬ್ಬು. ಆಗ ಅಲ್ಟ್ರಾಸೌಂಡ್‌ಗೆ ಕಳಿಸಿ, ಕಣ್ಣುಮುಚ್ಚಿ ಕಳಿಸಿ. ಧೂಮಪಾನ ಇದಕ್ಕೆ ದೊಡ್ಡ ಕಾರಣ. ನಿಪ್ಪಾಣಿಯ ತಂಬಾಕಿನ ಜಿಲ್ಲೆಯಲ್ಲಿ ನಿಂತು ಇದನ್ನು ಹೇಳುವಾಗ ನನ್ನ ಬೀಗರ ಮುಖವನ್ನು ನೋಡುವುದಿಲ್ಲ.

ಐನ್‌ಸ್ಟೈನ್‌ಗೂ ಇದೇ ಇತ್ತು. 1948ರಲ್ಲಿ ಶಸ್ತ್ರಚಿಕಿತ್ಸಕ ರುಡಾಲ್ಫ್ ನಿಸ್ಸೆನ್ ಆ ಉಬ್ಬಿಗೆ ಸೆಲ್ಲೋಫೇನ್ ಸುತ್ತಿದರು. ಹೌದು, ನಮ್ಮ ಕರದಂಟಿಗೆ ಸುತ್ತುವಂಥ ಹಾಳೆಯೇ! ಅದರ ಸುತ್ತ ಕಲೆಗಟ್ಟಿ ಗೋಡೆ ಬಿಗಿಯಾಗಲಿ ಎಂಬ ಉಪಾಯ. ಆರು ವರ್ಷಕ್ಕೂ ಮಿಗಿಲು ದಕ್ಕಿತು. 1955ರಲ್ಲಿ ಅದು ಒಡೆದಾಗ ಐನ್‌ಸ್ಟೈನ್ ಶಸ್ತ್ರಚಿಕಿತ್ಸೆ ಬೇಡವೆಂದರು.

ಇನ್ನು ಕವಲುಗಳು. ಮುಂಬದಿಗೆ ಮೂರು: ಸೀಲಿಯಾಕ್, ಸುಪೀರಿಯರ್ ಮೆಸೆಂಟೆರಿಕ್, ಇನ್ಫೀರಿಯರ್ ಮೆಸೆಂಟೆರಿಕ್. ಬಾಯಿಪಾಠ ಬೇಡ, ಘಟಪ್ರಭೆಯ ಕಾಲುವೆಯನ್ನು ನೆನೆಯಿರಿ. ಮೊದಲನೆಯದು ಜಠರ, ಯಕೃತ್ತು, ಗುಲ್ಮಕ್ಕೆ. ಎರಡನೆಯದು ಸಣ್ಣ ಕರುಳಿಗೆ, ದೊಡ್ಡ ಕರುಳಿನ ಮೊದಲ ಭಾಗಕ್ಕೆ. ಮೂರನೆಯದು ಉಳಿದದ್ದಕ್ಕೆ. ಎರಡನೆಯ ಮತ್ತು ಮೂರನೆಯ ಕಾಲುವೆಗಳ ನೀರು ಸಂಧಿಸುವುದು ಗುಲ್ಮದ ಬಳಿ ದೊಡ್ಡ ಕರುಳು ಬಾಗುವಲ್ಲಿ. ಕಾಲುವೆಯ ಕೊನೆಯ ಹೊಲದವನ ಪಾಡು ಇಲ್ಲಿರುವ ರೈತರಿಗೆ ಗೊತ್ತು. ಜಲಾಶಯದಲ್ಲಿ ಮಟ್ಟ ಇಳಿದರೆ ಮೊದಲು ಒಣಗುವುದು ಅವನದೇ. ರಕ್ತದೊತ್ತಡ ಕುಸಿದಾಗ ಆ ಬಾಗೂ ಹಾಗೆಯೇ ಸೊರಗುತ್ತದೆ.

ಎರಡನೆಯ ಕಾಲುವೆಗೆ ಹೆಪ್ಪು ಬಂದು ಸಿಕ್ಕಿಕೊಂಡರೆ? ರೋಗಿ ಒದ್ದಾಡುತ್ತಾನೆ, ಹೊಟ್ಟೆ ಮುಟ್ಟಿದರೆ ಮೆತ್ತಗಿರುತ್ತದೆ. ನಾಟಕ ಮಾಡುತ್ತಿದ್ದಾನೆ ಎನ್ನಬೇಡಿ, ಮಣಿಕಟ್ಟು ಹಿಡಿಯಿರಿ. ನಾಡಿ ತಾಳ ತಪ್ಪಿದ್ದರೆ ಹೆಪ್ಪು ಹೃದಯದಿಂದ ಹೊರಟಿರಬಹುದು. ಕರುಳು ಸಾಯಲು ಕೆಲವೇ ಗಂಟೆ ಸಾಕು. ನೋಡಿ, ಮತ್ತೆ ಕೈಗೇ ಬಂದೆ.

ಚೀಟಿ ಬಂತು. ‘ಐದು ನಿಮಿಷ’ ಎಂದಿದೆ. ಅಭಿಧಮನಿಗಳಿಗೆ ಅನ್ಯಾಯವಾಗುತ್ತದೆ, ಅವು ಸದಾ ಸಹಿಸಿಕೊಂಡೇ ಬಂದಿವೆ. ತುಂಬು ಗರ್ಭಿಣಿ ಅಂಗಾತ ಮಲಗಿದರೆ ಗರ್ಭಕೋಶ ಕೆಳ ಮಹಾಅಭಿಧಮನಿಯನ್ನು ಅದುಮಿ ತಲೆಸುತ್ತು ತರಿಸಬಹುದು, ಎಡಮಗ್ಗುಲಾಗಿಸಿ. ಕರುಳಿನ ರಕ್ತವನ್ನು ಯಕೃತ್ತಿಗೆ ಒಯ್ಯುವ ಪೋರ್ಟಲ್ ಅಭಿಧಮನಿ ಮೇದೋಜೀರಕ ಗ್ರಂಥಿಯ ಕುತ್ತಿಗೆಯ ಹಿಂದೆ ಹುಟ್ಟುತ್ತದೆ. ಕುಡಿತದಿಂದ ಯಕೃತ್ತು ಗಟ್ಟಿಯಾದರೆ ಅದರ ರಕ್ತ ಅಡ್ಡದಾರಿ ಹಿಡಿದು ಅನ್ನನಾಳದ ನಾಳಗಳನ್ನು ಉಬ್ಬಿಸಿ ಒಡೆಸಬಹುದು. ಉಳಿದದ್ದನ್ನು ಪುಸ್ತಕದಲ್ಲಿ ನೋಡಿಕೊಳ್ಳಿ.

ಒಂದೇ ಮಾತು, ಚೀಟಿ ಬರೆದವರು ಕ್ಷಮಿಸಲಿ. 2010ರಲ್ಲಿ ಇದೇ ಬೆಳಗಾವಿಯಲ್ಲಿ ಅಂಗರಚನೆಯ ಅಧ್ಯಾಪಕರೊಬ್ಬರು ತಂದೆಯ ಇಚ್ಛೆಯಂತೆ ಅವರ ದೇಹವನ್ನೇ ವಿದ್ಯಾರ್ಥಿಗಳೆದುರು ವಿಚ್ಛೇದಿಸಿದರು. ನಾಳೆ ಮೇಜಿನ ಮೇಲೆ ಮಲಗಿರುವವರೂ ಯಾರದೋ ತಂದೆ, ಯಾರದೋ ಅಜ್ಜಿ. ಕರುಳನ್ನು ಬದಿಗೆ ಸರಿಸಿ, ಬೆನ್ನುಮೂಳೆಯ ಎಡಕ್ಕೆ ಬೆರಳಿಟ್ಟು ಆ ನಾಳವನ್ನು ಹುಡುಕಿ. ಹತ್ತು ಗಂಟೆಗೆ ಸರಿಯಾಗಿ ಬನ್ನಿ. ಉಗುರು ಕತ್ತರಿಸಿಕೊಂಡು ಬನ್ನಿ.